ಆರನೇ ಸಾಲಿಗೆ ಬಿದ್ದ ಬೆಂಕಿ

"ಅಮ್ಮಾ, ಆರನೇ ಸಾಲು ಹೋಯ್ತಲ್ಲಮ್ಮಾ!"

ಸುಧಾ ಚಿಕ್ಕಮ್ಮ ಅಜ್ಜಿಯತ್ತ ಕೂಗಿ, ಗದ್ದೆಯ ಬದುವಿನ ಮೇಲೆ ಕುಸಿದು ಕೂತಳು. ಮೂರನೇ ಕ್ಲಾಸಿನ ಮಾನಸಾ ಅವಳ ಹಿಂದೆ ಬಂದು ನಿಂತಳು.

ಚಿಕ್ಕಮ್ಮನ ಕೆಲಸವೇ ಹೊಸ ಭತ್ತದ ತಳಿ ಬೆಳೆಸುವುದು. ಅಜ್ಜಿಯ ಗದ್ದೆ ಇರುವುದು ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವ ರೋಡಿನ ಪಕ್ಕ. ದಿನವಿಡೀ ಲಾರಿಗಳ ಹೊಗೆ, ದೂಳು. ಹೊಗೆ ಕುಡಿದೂ ಬದುಕುವ, ರೋಗಕ್ಕೂ ಜಗ್ಗದ ಭತ್ತ ಬೇಕೆಂದೇ ಚಿಕ್ಕಮ್ಮ ಅಲ್ಲಿ ಹತ್ತು ಸಾಲು ನಾಟಿ ಮಾಡಿಸಿದ್ದಳು. ಒಂದೊಂದು ಸಾಲೂ ಒಂದೊಂದು ತಳಿ. ಉಳಿದವೆಲ್ಲ ಬಡಕಲಾದವು, ಆರನೆಯದು ಮಾತ್ರ ಹಸಿರಾಗಿ ನಿಂತಿತು.

ಆಮೇಲೊಂದು ದಿನ ಅದರ ಗರಿಗಳಲ್ಲಿ ಕಂದು ಚುಕ್ಕೆಗಳು ಕಂಡವು.

"ಬೆಂಕಿ ಬಿದ್ದೈತೆ ಕಣೇ," ಎಂದಿದ್ದಳು ಅಜ್ಜಿ ಹೊಂಬಾಳಮ್ಮ.

"ಇದನ್ನೂ ತಡ್ಕೊಂಡ್ರೆ ಗೆದ್ದಂಗೆ," ಎಂದು ಹೇಳಿ ಚಿಕ್ಕಮ್ಮ ಆಫೀಸಿಗೆ ಹೊರಟುಹೋಗಿದ್ದಳು. ಎರಡು ವಾರ ಬಿಟ್ಟು ಇವತ್ತು ಬಂದು ನೋಡಿದರೆ ಇಡೀ ಸಾಲು ಸುಟ್ಟ ಹಾಗೆ ಒಣಗಿದೆ!

"ಹಾಳಾದ್ದು, ಇದ್ಕೆ ಶಕ್ತೀನೇ ಇಲ್ಲ ಬುಡು. ಕಿತ್ತಾಕು," ಎಂದಳು ಅಜ್ಜಿ.

ಪಾಪ, ಭತ್ತಕ್ಕೆ ಬೈಗುಳ! ಮಾನಸಾಗೆ ತಡೆಯಲಾಗಲಿಲ್ಲ.

"ಅದ್ರದ್ದೇನೂ ತಪ್ಪಿಲ್ಲ ಅಜ್ಜಿ. ನಾನು ದಿನಾ ಸಾಯಂಕಾಲ ಚೊಂಬಲ್ಲಿ ನೀರ್ ಹಾಕ್ತಿದ್ದೆ. ಆದ್ರೂ ಬೆಂಕಿ ಆರ್ಲೇ ಇಲ್ಲ."

ಚಿಕ್ಕಮ್ಮ ತಲೆಯೆತ್ತಿದಳು. "ಎಲ್ಲಿಗೆ ಹಾಕ್ತಿದ್ದೆ?"

"ಗರಿ ಮೇಲೆ. ಬೆಂಕಿ ಬಿದ್ದಿದೆ ಅಂದ್ಳಲ್ಲ ಅಜ್ಜಿ..."

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕೂಸೇ! ಅದು ರೋಗದ ಹೆಸ್ರು ಕಣೇ! ರಾತ್ರಿಯೆಲ್ಲ ಗರಿ ಒದ್ದೆಯಾಗಿದ್ರೆ ಅದು ಇನ್ನೂ ಜಾಸ್ತಿ ಆಯ್ತದೆ."

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನೀನು ನೀರು ಹಾಕ್ದೇ ಇದ್ದಿದ್ರೆ ಉಳೀತಿತ್ತೋ ಏನೋ. ಈಗ ಹೇಗೆ ಗೊತ್ತಾಗುತ್ತೆ ಪುಟ್ಟಾ?" ಎಂದಳು. "ಒಂದು ಹಿಡಿ ಬೀಜ ಉಳ್ದಿದೆ. ಮುಂದಿನ ವರ್ಷ ಮತ್ತೆ ಹಾಕ್ಬೇಕು."

"ಆಗ್ಲೂ ಬೆಂಕಿ ಬಿದ್ರೆ?"

"ತಾನಾಗೇ ತಡ್ಕೊಳ್ಳುತ್ತಾ ಅಂತ ಸುಮ್ನೆ ನೋಡ್ತಿರ್ಬೇಕು."

"ಸತ್ತೋದ್ರೆ?"

"ಸತ್ತೋದ್ರೂ."

ಪಕ್ಕದ ಏಳನೇ ಸಾಲಿನ ಗರಿಯೊಂದರಲ್ಲಿ ಆಗಲೇ ಕಂದು ಚುಕ್ಕೆ ಮೂಡಿತ್ತು. ಮಾನಸಾ ಅದನ್ನು ಕಂಡಳು. ಕಾಲ ಬಳಿಯೇ ಕೆರೆ ಕಾಲುವೆಯ ನೀರು ಹರಿಯುತ್ತಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಳುತ್ತಲೇ, ಆ ಗರಿಯನ್ನು ನೋಡುತ್ತ ನಿಂತಳು.