ಹೂಕಣಿವೆಯ ಪಟ್ಟಿ

"ನನ್ನ ಹೆಸರು ಹೊಡೆದು ಹಾಕಿದ್ದು ಯಾರು?"

ಮುಕ್ತಾಳ ದನಿಗೆ ಮುಂಬಯಿ ಬಳಿಯ ಡೊಂಬಿವಲಿಯ ಚಾರಣ ಕ್ಲಬ್ಬಿನ ಕೋಣೆಯಲ್ಲಿದ್ದವರೆಲ್ಲ ತಟ್ಟನೆ ತಿರುಗಿದರು. 1984ರ ಜೂನ್. ಆಗಸ್ಟಿನಲ್ಲಿ ಹಿಮಾಲಯದ ಹೂಕಣಿವೆಗೆ ಹೊರಡುವ ಹನ್ನೆರಡು ಮಂದಿಯ ಪಟ್ಟಿ ಗೋಡೆಯ ಮೇಲಿತ್ತು. ಅವಳ ಹೆಸರಿಗೆ ಮಾತ್ರ ಕೆಂಪು ಗೀಟು!

"ನಾನೇರಿ," ಎಂದ ತಂಡದ ನಾಯಕ ಶಿವಪುತ್ರ. ಬಾಗಲಕೋಟೆ ಕಡೆಯವನು, ಥಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್.

"ಯಾಕೆ? ನನಗೆ ನಡೀಲಿಕ್ಕೆ ಆಗುದಿಲ್ವಾ?"

"ಕಾರಣ ಕೇಳಬ್ಯಾಡ್ರಿ..." ಅವನು ಮುಖ ಎತ್ತಲಿಲ್ಲ.

ಅಭ್ಯಾಸಕ್ಕೆಂದು ತಂಡದವರು ಮೂರು ಭಾನುವಾರ ಹತ್ತಿರದ ಮಲಂಗಗಡ ಬೆಟ್ಟ ಹತ್ತಿದ್ದರು. ಜಾರುವ ಬಂಡೆಯ ಮೇಲೆ ಅವನು ಚಾಚಿದ ಕೈಯನ್ನು ಅವಳು ಬೇಗ ಬಿಟ್ಟಿರಲಿಲ್ಲ. ಅವನೂ ಬಿಟ್ಟಿರಲಿಲ್ಲ. 'ಅದೆಲ್ಲ ನನ್ನ ಭ್ರಮೆಯಾ?'

ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ. ತಾನು ಕೆಲಸ ಮಾಡುವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪುಣೆ ಕೇಳಿದವರಿಗೆ ನಾಸಿಕ್ ಜೋಡಿಸಿ ಬೈಸಿಕೊಂಡಳು.

ಶನಿವಾರ ಥಾಣೆಯ ತಮ್ಮ ಹೋಟೆಲಿನಲ್ಲಿ ಅಪ್ಪ ಯಜ್ಞೇಶ್ವರ ರಾಯರೇ ಬಾಯಿಬಿಟ್ಟರು.

"ನಿನ್ನ ಹೆಸರು ತೆಗಿ ಅಂತ ನಾನೇ ಆ ಹುಡುಗನಿಗೆ ಕೈಮುಗಿದೆ, ಮಗಾ. ನೀವಿಬ್ರು ಒಟ್ಟಿಗೆ ಹೋದ್ರೆ ಜನ ಎಂತ ಹೇಳ್ತಾರೆ? ನಿನಗೆ ಹೇಳ್ಬೇಡ ಅಂದಿದ್ದೆ. ಮಾತು ಉಳಿಸಿಕೊಂಡ..."

ಮುಕ್ತಾ ಉಟ್ಟ ಸೀರೆಯಲ್ಲೇ ಡೊಂಬಿವಲಿಯ ಲೋಕಲ್ ರೈಲು ಹತ್ತಿದಳು.

ಕ್ಲಬ್ಬಿನ ಗೋಡೆಯ ಮೇಲೆ ಹೊಸ ಪಟ್ಟಿ. ಅವಳ ಹೆಸರು ಮತ್ತೆ ಬಂದಿತ್ತು. ಶಿವಪುತ್ರನದೇ ಇರಲಿಲ್ಲ!

ಅವನೊಬ್ಬನೇ ಕೂತು ದಾರಿಯ ನಕ್ಷೆ ಮಡಚುತ್ತಿದ್ದ.

"ಅಪ್ಪ ಎಲ್ಲ ಹೇಳಿದ್ರು," ಎಂದಳು ಮುಕ್ತಾ.

"ನಿಮ್ಮ ಆಸೆ ಮುರದು ನಾ ಹ್ಯಾಂಗ ಹೋಗ್ಲಿ? ನಾ ಉಳೀತೀನಿ, ನೀವು ಹೋಗಿ ಬರ್ರಿ. ನಿಮ್ಮ ಅಪ್ಪಾರಿಗೆ ನಾಳೆ ನಾನ ಹೇಳ್ತೀನಿ."

ಅವಳ ಕಣ್ಣು ತುಂಬಿತು. ಆದರೆ ಸಿಟ್ಟು ಇಳಿಯಲಿಲ್ಲ.

"ಕೇಳದೆ ತೆಗೆದ್ರಿ, ಈಗ ಕೇಳದೆ ಸೇರಿಸಿದ್ರಿ! ಒಮ್ಮೆಯಾದ್ರೂ ನನ್ನ ಹತ್ರ ಕೇಳ್ಬಾರ್ದಾ?"

ಅವನು ನಕ್ಷೆಯನ್ನು ಬದಿಗಿಟ್ಟ.

"ಕೇಳಾಕ ಹೆದರಿಕಿ ಆಗ್ತೈತ್ರಿ... ಎಂಥಾ ಗುಡ್ಡ ಹತ್ತುವಾಗೂ ಇಷ್ಟು ಹೆದರಿಲ್ಲ."

"ಈಗ ಕೇಳಿ."

"ಮುಕ್ತಾ... ನನ್ನ ಮದುವಿ ಆಗ್ತೀರೇನು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಗ್ತೇನೆ. ಏಳಿ, ಥಾಣೆಗೆ ಹೋಗುವ. ಅಪ್ಪ ಹೋಟೆಲಿನಲ್ಲೇ ಇದ್ದಾರೆ."

"ಈಗಾ? ಅವರು ಒಪ್ಪದಿದ್ರ...?"

"ಒಪ್ಪುವವರೆಗೆ ಇಬ್ರೂ ಅಲ್ಲೇ ಕೂರುವ ಮಾರಾಯ್ರೆ... ಊಟಕ್ಕೇನೂ ತೊಂದರೆ ಇಲ್ಲ!"