ದೊರೆಯ ನೆಟ್ಟನೆಯ ಮೂಗು

ತುಂಬಾ ಹಿಂದೆ, ಏಳು ಬೆಟ್ಟಗಳಾಚೆ ಹೇಮಪುರಿ ಎಂಬ ರಾಜ್ಯವಿತ್ತು. ಅಲ್ಲೊಂದು ವಿಚಿತ್ರ ಕಟ್ಟಳೆ. ದೊರೆ ಮಕರಂದರಾಯನ ಎದುರು ಯಾರೂ ತಲೆ ಎತ್ತುವಂತಿಲ್ಲ. ಆ ಹಕ್ಕಿದ್ದುದು ಆಸ್ಥಾನದ ಚಿತ್ರಗಾರ್ತಿ ಮಾಚಕ್ಕನಿಗೆ ಮಾತ್ರ. ಪ್ರಜೆಗಳೆಲ್ಲ ಅವಳು ಬರೆದ ದೊಡ್ಡ ಚಿತ್ರ ನೋಡಿಯೇ 'ಆಹಾ, ನಮ್ಮ ದೊರೆ!' ಎಂದು ಹಿಗ್ಗುತ್ತಿದ್ದರು.

ಪಟ್ಟದ ಹಬ್ಬ ಬಂತು. ಹೊಸ ಚಿತ್ರ ಬರೆಯಲೆಂದು ಮಾಚಕ್ಕ ತುಂಬಿದ ಸಭೆಯಲ್ಲಿ ದೊರೆಯ ಮುಖಕ್ಕೆ ಅಳತೆಯ ನೂಲು ಹಿಡಿದಳು. ಹಿಡಿದ ಕೈ ಗಕ್ಕನೆ ನಿಂತಿತು.

ಮೂಗು ನೆಟ್ಟಗಿತ್ತು!

ನಿಜವಾದ ದೊರೆಯ ಮೂಗು ಎಡಕ್ಕೆ ಸೊಟ್ಟ. ಆಸ್ಥಾನದ ಚಿತ್ರದಲ್ಲಿ ಕುಂದು ಕಾಣಬಾರದೆಂದು ಅದನ್ನು ನೆಟ್ಟಗೆ ಬರೆದವಳು ಮಾಚಕ್ಕನೇ.

"ಯಾರಯ್ಯಾ ನೀನು? ನನ್ನ ಚಿತ್ರ ನೋಡಿ ವೇಷ ಹಾಕಿದ್ದೀಯಲ್ಲ!" ಎಂದು ಪಿಸುಗುಟ್ಟಿದಳು.

"ನಾನು ಮಾಂತ್ರಿಕ ಕರಾಳಜಟ," ಎಂದು ಅವನು ಹಲ್ಲು ಕಿರಿದ. "ನಿನ್ನ ದೊರೆ ಅಗೋ, ಹೋತವಾಗಿ ಕಂಬಕ್ಕೆ ಬಿಗಿಸಿಕೊಂಡಿದ್ದಾನೆ. ಸಂಜೆ ಅವನನ್ನು ಬಲಿ ಕೊಟ್ಟರೆ ರಾಜ್ಯ ಎಂದೆಂದಿಗೂ ನನ್ನದು. ತಲೆ ಎತ್ತದ ಈ ಜನ ನಿನ್ನ ಮಾತು ನಂಬುತ್ತಾರೇನೇ ಮುದುಕಿ?"

ಮಾಚಕ್ಕ ಬಣ್ಣ ಒರೆಸುವ ಒದ್ದೆ ಬಟ್ಟೆ ಹಿಡಿದು, ಗೋಡೆಯ ಮೇಲಿದ್ದ ತನ್ನ ಹಳೆಯ ದೊಡ್ಡ ಚಿತ್ರದತ್ತ ಓಡಿದಳು. 'ನನ್ನ ಬಣ್ಣದಿಂದ ಕದ್ದ ಮುಖ, ನನ್ನ ಕೈಯಿಂದಲೇ ಹೋಗಲಿ!'

ಒಮ್ಮೆ ಒರೆಸಿದಳು. ಚಿತ್ರದ ಕಿರೀಟ ಅಳಿಯಿತು, ಮಾಂತ್ರಿಕನ ತಲೆಯ ಕಿರೀಟವೂ ಮಾಯವಾಯಿತು. ಅವನು ಮಂತ್ರ ಹಾಕಿ ಹೆಬ್ಬುಲಿಯೊಂದನ್ನು ಬರಿಸಿ ಛೂ ಬಿಟ್ಟ. ಮಾಚಕ್ಕ ಕುಡಿಕೆಯ ಕೆಂಪು ಬಣ್ಣವನ್ನು ಅದರ ಮೂತಿಗೆ ಎರಚಿದಳು. ಹುಲಿ ಸೀನುತ್ತ ಓಡಿತು.

ಎರಡನೆಯ ಸಲ ಒರೆಸಿದಳು. ಕಣ್ಣುಗಳು ಅಳಿದವು. ಕುರುಡಾದ ಮಾಂತ್ರಿಕ ಹಾವುಗಳನ್ನು ಕರೆದ. ಅವು ಕಾಲಿಗೆ ಸುತ್ತಿಕೊಂಡರೂ ಮಾಚಕ್ಕ ಕದಲಲಿಲ್ಲ.

ಆಗ ಅವನು ದನಿ ಸಣ್ಣ ಮಾಡಿ, "ತಾಯೀ, ನಿಲ್ಲು! ನಿನ್ನ ಚಿತ್ರಗಳು ಸಾವಿರ ವರ್ಷ ಮಾಸದಂತೆ ಮಾಡುತ್ತೇನೆ," ಎಂದ.

ಮಾಚಕ್ಕ ಒರೆಸುವುದನ್ನು ತಡೆದು ಚಿತ್ರವನ್ನು ನೋಡಿದಳು. ಹತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ ಚಿತ್ರವದು. ಅದಕ್ಕಿಂತ ಚೆಂದದ್ದನ್ನು ಅವಳು ಬರೆದಿರಲಿಲ್ಲ. ಅಷ್ಟರಲ್ಲಿ ಕಂಬದ ಬಳಿಯ ಹೋತ ಒಂದೇ ಸಮನೆ ಅರಚಿತು.

"ಹಾಳಾಗಿ ಹೋಗಲಿ ಚಿತ್ರ!" ಎಂದವಳೇ ಅಳುತ್ತಾ ಮೂರನೆಯ ಸಲ ಇಡೀ ಮುಖವನ್ನು ಒರೆಸಿಹಾಕಿದಳು.

ಮುಖವಿಲ್ಲದ ಮಾಂತ್ರಿಕ ಬಣ್ಣದ ನೀರಾಗಿ ನೆಲಕ್ಕೆ ಹರಿದುಹೋದ. ಹಾವುಗಳು ಹಗ್ಗದ ತುಂಡುಗಳಾದವು. ಹೋತ ನಿಂತಿದ್ದ ಜಾಗದಲ್ಲಿ ಮಕರಂದರಾಯ ಎದ್ದು ನಿಂತ.

"ಮಹಾಪ್ರಭೂ, ತಪ್ಪು ನನ್ನದು. ನಿಮ್ಮ ಮುಖವನ್ನು ನಾನು ಸುಳ್ಳು ಬರೆದೆ," ಎಂದು ಮಾಚಕ್ಕ ಕೈಮುಗಿದಳು.

"ಸುಳ್ಳು ಬೇಕೆಂದವನು ನಾನೇ ಅಲ್ಲವೇನಕ್ಕ?" ಎಂದ ದೊರೆ, ಸಭೆಯತ್ತ ತಿರುಗಿ, "ಎಲ್ಲರೂ ತಲೆ ಎತ್ತಿ!" ಎಂದು ಕೂಗಿದ.

ಜನ ಅಂಜುತ್ತಂಜುತ್ತ ತಲೆ ಎತ್ತಿದರು. ಸೊಟ್ಟ ಮೂಗಿನ ತಮ್ಮ ದೊರೆಯನ್ನು ಕಣ್ತುಂಬ ಕಂಡರು. ಜಯಘೋಷಕ್ಕೆ ಅರಮನೆಯ ಪಾರಿವಾಳಗಳೆಲ್ಲ ಮೇಲೆದ್ದವು. ಮುಂದೆ ಹೇಮಪುರಿಯವರು ಹೊಟ್ಟೆ ತುಂಬ ಉಂಡು, ನೆಮ್ಮದಿಯಾಗಿ ನಿದ್ದೆಮಾಡಿ, ದೊರೆ ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾ ಬಾಳಿದರು.