ಪಂಪಣ್ಣನ ಮುತ್ತಜ್ಜ

ಋಷಿಮೂಲ, ನದಿಮೂಲ ಹುಡುಕಬಾರದು ಅಂತಾರೆ. ಸೈಕಲ್ ರಿಪೇರಿಯವನ ಮೂಲವನ್ನಂತೂ ಹುಡುಕಲೇಬಾರದು. ಪಂಕ್ಚರ್ ಬಿಟ್ಟು ಬೇರೇನೂ ಸಿಗುವುದಿಲ್ಲ. ಹೀಗಿದ್ದೂ ಪಂಪಣ್ಣ ಆ ಭಾನುವಾರ ಕೈಗೆ ಹತ್ತಿದ ಗ್ರೀಸನ್ನು ಚರ್ಮ ಸುಲಿಯುವಷ್ಟು ತಿಕ್ಕಿ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಮೇಷ್ಟ್ರ ಬಸ್ಸಿನ ಮುಂದೆ ನಿಂತಿದ್ದ.

ರಿಟೈರಾದ ಮೇಷ್ಟ್ರು ವರ್ಷಕ್ಕೊಮ್ಮೆ ಬೀದಿಯವರನ್ನೆಲ್ಲ ಅವರ ಅಜ್ಜಂದಿರೆಲ್ಲ ಬಾಳಿದ್ದ ಒಂದೇ ಹಳೆಯ ಊರಿಗೆ ಕರೆದೊಯ್ಯುತ್ತಿದ್ದರು. ಹೋದವರು ಹಳೆಯ ಮನೆ ನೋಡಿ, ಹಿರಿಯರ ಸಮಾಧಿಯ ಕಲ್ಲು ಹುಡುಕಿ, ಕಣ್ಣೊರೆಸಿಕೊಂಡು ಬರುತ್ತಿದ್ದರು. ಪಂಪಣ್ಣನಿಗೆ ಆ ಊರಲ್ಲಿ ಹಿರಿಯರಿರಲಿ, ಒಂದು ಹಳೇ ಸೈಕಲ್ಲೂ ಇರಲಿಲ್ಲ. ಆದರೆ ಈ ಸಲ ಬೀದಿಯ ಟೈಲರಮ್ಮನೂ ಬಸ್ಸಿಗೆ ಹೆಸರು ಕೊಟ್ಟಿದ್ದಾಳೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು.

"ನಿಮ್ಮೋರು ಯಾರ್ರೀ ಅಲ್ಲಿ?" ಎಂದರು ಮೇಷ್ಟ್ರು.

"ಮುತ್ತಜ್ಜ," ಎಂದಿತು ಪಂಪಣ್ಣನ ಬಾಯಿ, ಅವನನ್ನು ಒಂದು ಮಾತೂ ಕೇಳದೆ.

"ಏನ್ಮಾಡ್ತಿದ್ರು?"

"ತುತ್ತೂರಿ ಊದ್ತಿದ್ರು. ಊದೋ ಜೋರಿಗೆ ಊರಿನ ಗಡಿಯಾರದ ಮುಳ್ಳು ಮುಂದಕ್ಕೆ ಓಡ್ತಿತ್ತಂತೆ. ಕೋಟಿನ ಗುಂಡಿ ಪಟಪಟ ಅಂತ ಹಾರ್ತಿದ್ವಂತೆ. ಸಾಯೋವಾಗ, ನನ್ನ ಕಲ್ಲಿನ ಮೇಲೆ ತುತ್ತೂರಿ ಬಾಯಿ ಕೆಳಗೆ ಮಾಡಿ ಕೆತ್ತಿ, ಅಕ್ಕಪಕ್ಕ ಮಲಗಿರೋರಿಗೆ ಎಚ್ಚರ ಆಗ್ಬಾರ್ದು ಅಂದಿದ್ರಂತೆ."

ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗಿರಬೇಕು, ಹಾಗಿತ್ತು. ಮೇಷ್ಟ್ರಿಗೆ ರೋಮಾಂಚನವಾಗಿ, ಬಸ್ಸು ಹೊರಟ ಕೂಡಲೇ ಮೈಕ್ ಹಿಡಿದು ಎಲ್ಲರಿಗೂ ಸಾರಿದರು.

ಮುಂದಿನ ಸೀಟಿನ ನರೆತ ತುರುಬು ಮೆಲ್ಲನೆ ತಿರುಗಿತು. ಟೈಲರಮ್ಮ ಕನ್ನಡಕದ ಮೇಲಂಚಿನಿಂದ, ಬಟ್ಟೆಯ ನೇಯ್ಗೆ ನೋಡುವ ಹಾಗೆ, ಪಂಪಣ್ಣನನ್ನು ನೋಡಿದಳು. ಆಮೇಲೆ ಗುಂಡುಸೂಜಿ ಕಚ್ಚಿಕೊಂಡವಳಂತೆ ತುಟಿ ಬಿಗಿಹಿಡಿದು ಮುಂದಕ್ಕೆ ತಿರುಗಿಬಿಟ್ಟಳು.

ಆಗ ಪಂಪಣ್ಣನಿಗೆ ಹೊಳೆಯಿತು. ಆ ತುತ್ತೂರಿಯವನು ಅವಳ ತಾತ! ಅವಳ ತಾತನನ್ನೇ ಒಂದು ತಲೆಮಾರು ಹಿಂದಕ್ಕೆ ತಳ್ಳಿ ತನ್ನ ಮುತ್ತಜ್ಜ ಮಾಡಿಕೊಂಡಿದ್ದ.

ಮೂವತ್ತು ವರ್ಷದ ಹಿಂದೆ ಅವನ ಅಂಗಡಿಯ ಎದುರಿಗೇ ಅವಳ ಅಂಗಡಿ. ಸಂಜೆ ಅವಳು ಮೆಟ್ಟಿಲ ಮೇಲೆ ಕೂತು ಗುಂಡಿಗೆ ಕಾಜಾ ಹೊಲಿಯುತ್ತ ತಾತನ ಕತೆ ಹೇಳುವಳು. ಇವನು ಬೆಂಡೇ ಇಲ್ಲದ ಚಕ್ರದ ಬೆಂಡು ತೆಗೆಯುತ್ತ ಕೇಳುವನು. ಚಕ್ರ ತಿರುಗುತ್ತಿತ್ತು, ಅವಳ ದಾರ ಮುಗಿಯುತ್ತಿತ್ತು, ಇವನು ಹೇಳಬೇಕಾದ ಮಾತು ಮಾತ್ರ ನಾಳೆಗೆ ಉಳಿಯುತ್ತಿತ್ತು. ಒಂದು ದಿನ ಅವಳಿಗೆ ಬೇರೆ ಊರಲ್ಲಿ ಗಂಡು ಗೊತ್ತಾಯಿತು. ಮದುವೆಗೆ ಬಂದವರ ಸೈಕಲ್ಲಿಗೆಲ್ಲ ಗಾಳಿ ಹಾಕಿ, ಪಂಪಣ್ಣ ತಾನು ಇಳಿದುಹೋದ.

ಗಂಡ ತೀರಿಕೊಂಡ ಮೇಲೆ ಅವಳು ತಾಯಿಯ ಜೊತೆ ಅದೇ ಬೀದಿಗೆ ಮರಳಿದ್ದಳು. "ಅಪ್ಪನ ಕಲ್ಲು ಒಂದ್ಸಲ ನೋಡ್ಬೇಕು" ಎನ್ನುತ್ತಲೇ ಆ ತಾಯಿಯೂ ಹೋದರು. ಈಗ ಅಮ್ಮನ ಬದಲಿಗೆ ಹೂ ಇಟ್ಟು ಬರಲು ಅವಳು ಹೊರಟಿದ್ದಳು.

ದಾರಿಯಲ್ಲಿ ಟೀಗೆ ಬಸ್ಸು ನಿಂತಿತು. ಲೋಟ ಹಿಡಿದು ಅವಳೇ ಹತ್ತಿರ ಬಂದಳು.

"ನಿಮ್ಮ ಮುತ್ತಜ್ಜ ಭಾರಿ ಜೋರು ಅನ್ಸುತ್ತೆ."

"ಹೂಂ... ಜೋರೇ."

"ಹಾರಿದ ಗುಂಡಿ ಆರಿಸ್ತಿದ್ದೋರು ಯಾರು?"

"ನಿಮ್ಮಜ್ಜಿ..." ಟೀ ನೆತ್ತಿಗೆ ಹತ್ತಿತು. "ಅಲ್ಲ, ನಮ್ಮ ಮುತ್ತಜ್ಜಿ."

"ಪಾಪ, ನಿಮ್ಮ ಮುತ್ತಜ್ಜಿ!" ಎಂದು ಅವಳು ಹೊರಟೇಹೋದಳು. ಬೆನ್ನು ಕುಲುಕುತ್ತಿತ್ತು. ನಗುವೋ, ಸಿಟ್ಟೋ, ಬೆನ್ನು ನೋಡಿ ಹೇಳುವುದು ಹೇಗೆ?

ಹಳೆಯ ಊರಿನ ಸ್ಮಶಾನದಲ್ಲಿ ಆನೆ ಮಲಗಿದರೂ ಕಾಣದಷ್ಟು ಹುಲ್ಲು. ಕಲ್ಲುಗಳ ಅಕ್ಷರ ಮಳೆಗಾಳಿಗೆ ಸವೆದುಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಕೂಗು ಕೇಳಿಸಿತು.

"ಸಿಕ್ಕಿದ್ರು! ಪಂಪಣ್ಣನ ಮುತ್ತಜ್ಜ ಸಿಕ್ಕಿದ್ರು!"

ಎಲ್ಲರೂ ಓಡಿದರು. ಹೆಸರು ಅಳಿಸಿಹೋದ ಒಂದು ಕಲ್ಲು. ಅದರ ಮೇಲೆ ಬಾಯಿ ಕೆಳಗೆ ಮಾಡಿದ ತುತ್ತೂರಿ. ಅದೇ ಬೀದಿಯ ನರ್ಸಮ್ಮ ಪಂಪಣ್ಣನ ಬೆನ್ನು ಸವರಿದಳು. "ಅಳ್ಬೇಕು ಅನ್ಸಿದ್ರೆ ಅತ್ಬಿಡಿ ಪಂಪಣ್ಣ, ತಡ್ಕೋಬೇಡಿ." ಮೇಷ್ಟ್ರು ಫೋಟೋಗೆ ಫೋನ್ ಎತ್ತಿದರು.

ಗುಂಪಿನ ಹಿಂದೆ ಟೈಲರಮ್ಮ ನಿಂತಿದ್ದಳು. ಕೈಯಲ್ಲಿ ಹೂವಿತ್ತು. ಈಗ ನಗುವಿರಲಿಲ್ಲ. ಮುಂದೆ ಬರದೆ ಪಂಪಣ್ಣನನ್ನೇ ನೋಡಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಪಂಪಣ್ಣ ಫೋನಿಗೆ ಕೈ ಅಡ್ಡ ಹಿಡಿದ.

"ಫೋಟೋ ಬೇಡ ಮೇಷ್ಟ್ರೇ. ಇವರು ನನ್ನ ಮುತ್ತಜ್ಜ ಅಲ್ಲ. ಟೈಲರಮ್ಮನ ತಾತ."

"ಏನ್ರೀ ಇದು! ಮತ್ತೆ ನಿಮ್ಮ ಮುತ್ತಜ್ಜ?"

"ಯಾವೂರಲ್ಲಿದಾರೋ, ಯಾರಿಗ್ಗೊತ್ತು."

"ಹಂಗಾದ್ರೆ ಬಸ್ ಯಾಕೆ ಹತ್ತಿದ್ರಿ?"

"ಇವರು ಹತ್ತಿದ್ರು, ಅದಕ್ಕೆ," ಎಂದ ಪಂಪಣ್ಣ, ನೆಲ ನೋಡುತ್ತ. "ನಿಮ್ಮ ಹಿರಿಯರು ಯಾರು ಅಂತ ಕೇಳಿದ್ರಿ. ನನಗೆ ಬಾಯಿಪಾಠ ಇರೋದು ಇವರ ಹಿರಿಯರು ಮಾತ್ರ. ಇವರು ಮೆಟ್ಟಿಲ ಮೇಲೆ ಕೂತು ಹೇಳಿದ್ದು ಒಂದಕ್ಷರ ಮರೆತಿಲ್ಲ. ಮರೆಯೋಕೆ ಆಗ್ಲಿಲ್ಲ."

ಮೇಷ್ಟ್ರ ಬಾಯಿ ಇನ್ನೊಂದು ಪ್ರಶ್ನೆಗೆ ತೆರೆಯಿತು. ನರ್ಸಮ್ಮ ಅವರ ತೋಳು ಹಿಡಿದು ಎಳೆದಳು. "ನಡೀರಿ ಮೇಷ್ಟ್ರೇ, ಎಲ್ರೂ ನಡೀರಿ. ನಮ್ಮ ನಮ್ಮ ಅಜ್ಜಂದಿರು ಕಾಯ್ತಿದಾರೆ."

ಇಬ್ಬರೇ ಉಳಿದರು. ಟೈಲರಮ್ಮ ಕೂತು ಹೂವಿಟ್ಟು, ಕಲ್ಲಿನ ತುತ್ತೂರಿಯನ್ನು ಬೆರಳಿಂದ ಸವರಿದಳು.

"ಬಸ್ಸಲ್ಲಿ ಕೇಳ್ದಾಗ ಮೈ ಉರಿದುಹೋಯ್ತು. ನಮ್ಮ ತಾತನ್ನೇ ಎಗರಿಸಿದ್ರಲ್ಲ ಅಂತ. ಆಮೇಲೆ ಟೀ ಹತ್ರ ನಿಮ್ಮ ಮುಖ ನೋಡಿ ನಗು ತಡೆಯೋಕಾಗ್ಲಿಲ್ಲ."

"ತಪ್ಪಾಯ್ತು."

"ತುತ್ತೂರಿ ಬಾಯಿ ಕೆಳಗೆ ಅನ್ನೋದು ನನಗೇ ಮರೆತುಹೋಗಿತ್ತು, ಗೊತ್ತಾ? ನೀವು ಹೇಳ್ದೆ ಇದ್ದಿದ್ರೆ ಈ ಕಲ್ಲಿನ ಮುಂದೇನೇ ಹಾದುಹೋಗ್ತಿದ್ದೆ." ಅವಳು ಹೂವನ್ನು ಸರಿಪಡಿಸಿದಳು. "ಅಮ್ಮ ಹೋದ್ಮೇಲೆ ತಾತನ ಕತೆ ಗೊತ್ತಿರೋರು ಯಾರೂ ಉಳಿದಿಲ್ಲ ಅನ್ಕೊಂಡಿದ್ದೆ."

"ಇನ್ನೂ ಬೇಕಾದಷ್ಟಿದೆ. ಮೇಷ್ಟ್ರಿಗೆ ಹೇಳಿದ್ದು ಬರೀ ಸ್ಯಾಂಪಲ್ಲು."

ಅವಳು ಕಣ್ಣೊರೆಸಿಕೊಂಡು ಎದ್ದಳು. ಸೆರಗಿನ ಹುಲ್ಲು ಕೊಡವಿ, ಮೂವತ್ತು ವರ್ಷದ ಬಹುವಚನವನ್ನೂ ಕೊಡವಿಬಿಟ್ಟಳು.

"ಹಂಗಾದ್ರೆ ವಾಪಸ್ ಹೋಗ್ತಾ ನನ್ನ ಪಕ್ಕ ಕೂತ್ಕೊಂಡು ಎಲ್ಲಾ ಹೇಳು. ಕಿಟಕಿ ಸೀಟು ಮಾತ್ರ ನನ್ನದು."

"ಊರು ಮುಟ್ಟೋದ್ರೊಳಗೆ ಮುಗಿಯಲ್ಲ."

"ಮುಗಿಸು ಅಂತ ಯಾರು ಹೇಳಿದ್ರು ನಿನಗೆ?"